ಕಬ್ಬಿಣ ಹಿಡಿಯಲೇ, ರುಥೇನಿಯಂ ಹಿಡಿಯಲೇ? ಬೆಳಕಿನ ರಸಾಯನದಲ್ಲಿ ಪಿಎಚ್.ಡಿ. ಮಾಡುವವಳ ಪ್ರಶ್ನೆ

ಸಂಡೂರು ಕೆಮ್ಮಣ್ಣು:

ಎಲ್ಲರಿಗೂ ನಮಸ್ಕಾರ. ನಾನು ಬಳ್ಳಾರಿಯಲ್ಲಿ ರಸಾಯನಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಕೋರ್ಸ್‌ವರ್ಕ್ ಮುಗಿದು ಪರೀಕ್ಷೆಯೂ ಆಯಿತು. ಬರುವ ತಿಂಗಳು ಸಂಶೋಧನಾ ಸಲಹಾ ಸಮಿತಿಯ ಮುಂದೆ ವಿಷಯ ಮಂಡಿಸಬೇಕು. ಅರ್ಧ ತೀರ್ಮಾನವಾಗಿದೆ: ಬೆಳಕನ್ನು ಹೀರಿಕೊಂಡು ರಾಸಾಯನಿಕ ಕ್ರಿಯೆ ನಡೆಸಿಕೊಡುವ ಲೋಹ ಸಂಕೀರ್ಣಗಳು. ಉಳಿದರ್ಧ, ಅಂದರೆ ಯಾವ ಲೋಹ ಎಂಬುದು, ಆರು ವಾರದಿಂದ ನಿದ್ದೆ ಕೆಡಿಸಿದೆ.

ಈ ವಿಷಯ ಹೊಸದಾದವರಿಗೆ ಎರಡು ಮಾತು. ಔಷಧವನ್ನೋ ಬಣ್ಣವನ್ನೋ ತಯಾರಿಸುವಾಗ ಸಾಮಾನ್ಯವಾಗಿ ಗಂಟೆಗಟ್ಟಲೆ ಕುದಿಸುತ್ತಾರೆ, ತೀಕ್ಷ್ಣವಾದ ರಾಸಾಯನಿಕ ಸುರಿಯುತ್ತಾರೆ. ಬೇಕಾದ ಶಕ್ತಿಯನ್ನು ಬೆಳಕಿನಿಂದ ಪಡೆದರೆ ಕೋಣೆಯ ಉಷ್ಣಾಂಶದಲ್ಲೇ ಕೆಲಸವಾಗುತ್ತದೆ. ಹೊಗೆಯ ಚಿಮಣಿ ಇಲ್ಲದ ಕಾರ್ಖಾನೆಗಳು ಬರಡು ನೆಲದಲ್ಲಿ ಎದ್ದು ನಿಲ್ಲುತ್ತವೆ ಎಂದು ಇಟಲಿಯ ಜಿಯಾಕೊಮೊ ಚಾಮಿಚಿಯಾನ್ 1912ರಲ್ಲೇ ಹೇಳಿದ್ದರು. ಆದರೆ ಹೆಚ್ಚಿನ ಸಾವಯವ ವಸ್ತುಗಳಿಗೆ ಬಣ್ಣವಿಲ್ಲ. ಕಣ್ಣಿಗೆ ಕಾಣುವ ಬೆಳಕು ಅವುಗಳ ಮೂಲಕ ಸುಮ್ಮನೆ ಹಾಯ್ದು ಹೋಗುತ್ತದೆ. ಬೆಳಕನ್ನು ಹಿಡಿದು ಅವಕ್ಕೆ ದಾಟಿಸಲು ಒಬ್ಬ ದಲ್ಲಾಳಿ ಬೇಕು. ದಲ್ಲಾಳಿಗಳಲ್ಲಿ ಹೆಸರುವಾಸಿ ಎಂದರೆ ಒಂದು ರುಥೇನಿಯಂ ಪರಮಾಣುವಿನ ಸುತ್ತ ಮೂರು ಬೈಪಿರಿಡೀನ್ ಅಣುಗಳು ಕುಳಿತ ಕಿತ್ತಳೆ ಬಣ್ಣದ ಸಂಕೀರ್ಣ. 452 ನ್ಯಾನೋಮೀಟರಿನ ನೀಲಿ ಬೆಳಕು ಬಿದ್ದಾಗ ಲೋಹದ ಎಲೆಕ್ಟ್ರಾನು ಲಿಗ್ಯಾಂಡಿಗೆ, ಅಂದರೆ ಲೋಹವನ್ನು ಸುತ್ತುವರಿದ ಅಣುವಿಗೆ, ಜಿಗಿಯುತ್ತದೆ. ಆ ಉತ್ತೇಜಿತ ಸ್ಥಿತಿ ಸುಮಾರು ಒಂದು ಮೈಕ್ರೋಸೆಕೆಂಡ್ ಬಾಳುತ್ತದೆ. ಅಷ್ಟರೊಳಗೆ ಪಕ್ಕದ ಅಣುವಿಗೆ ಎಲೆಕ್ಟ್ರಾನು ಕೊಡಬಹುದು, ಇಲ್ಲವೇ ಅದರಿಂದ ಕಸಿದುಕೊಳ್ಳಬಹುದು. 2008ರಲ್ಲಿ ಅಮೆರಿಕದ ಮ್ಯಾಕ್‌ಮಿಲನ್ ಮತ್ತು ಯೂನ್ ಅವರ ಗುಂಪುಗಳು ಇದನ್ನು ಸಾವಯವ ಸಂಶ್ಲೇಷಣೆಗೆ ಬಳಸಿ ತೋರಿಸಿದ ಮೇಲೆ ಎಲ್ಲರೂ ಇದರ ಬೆನ್ನು ಹತ್ತಿದ್ದಾರೆ.

ಈಗ ನನ್ನ ಸಂಕಟ. ಭೂಮಿಯ ಹೊರಪದರದ ಒಂದು ಟನ್ ಕಲ್ಲನ್ನು ಅರೆದರೆ ಅದರಲ್ಲಿರುವ ರುಥೇನಿಯಂ ಸುಮಾರು ಒಂದು ಮಿಲಿಗ್ರಾಂ. ಕಬ್ಬಿಣ ಸುಮಾರು 50 ಕಿಲೋ. ನಾನು ಹುಟ್ಟಿದ ಊರಿನಲ್ಲಿ ಮಳೆ ಬಂದರೆ ಚರಂಡಿಯೇ ಕೆಂಪಾಗಿ ಹರಿಯುತ್ತದೆ. ಸುಸ್ಥಿರ ರಸಾಯನ ಎಂದು ಹಣೆಪಟ್ಟಿ ಕಟ್ಟಿಕೊಂಡು, ಬಹುಪಾಲು ದಕ್ಷಿಣ ಆಫ್ರಿಕಾದ ಪ್ಲಾಟಿನಂ ಗಣಿಗಳಿಂದ ಬರುವ ಲೋಹವನ್ನು ಹಿಡಿಯುವುದು ನನಗೆ ನುಂಗಲಾರದ ತುತ್ತು. ಹಾಗೆಂದು ಕಬ್ಬಿಣದಲ್ಲಿ ಅದೇ ಸಂಕೀರ್ಣ ಮಾಡಿದರೆ ಬಣ್ಣವಿದೆ, ಬಾಳಿಲ್ಲ. ಕಡುಗೆಂಪಾಗಿರುತ್ತದೆ, ಬೆಳಕನ್ನು ಚೆನ್ನಾಗಿಯೇ ಹೀರುತ್ತದೆ. ಉಪಯೋಗಕ್ಕೆ ಬರುವ ಆ ಉತ್ತೇಜಿತ ಸ್ಥಿತಿ ಮಾತ್ರ ನೂರು ಫೆಮ್ಟೋಸೆಕೆಂಡಿನ ಆಸುಪಾಸಿನಲ್ಲಿ ಕುಸಿದುಬಿಡುತ್ತದೆ. ರುಥೇನಿಯಂನದು ಅದರ ಒಂದು ಕೋಟಿ ಪಟ್ಟು.

ಬೇಗ ಮುಗಿಸಬೇಕೆಂದಿದ್ದರೆ ರುಥೇನಿಯಂ ಹಿಡಿ ಎಂದು ಮಾರ್ಗದರ್ಶಕರು ಹೇಳುತ್ತಾರೆ. ನನ್ನ ಮನಸ್ಸು ಕಬ್ಬಿಣ ಬಿಡುತ್ತಿಲ್ಲ. ಅನುಭವವಿದ್ದವರು ಹೇಳಿ.

ಗಂಗಾವತಿ ಭತ್ತ:

ತಂಗಿ, ನಾನು ಪಿಯುಸಿಗೆ ಓದು ನಿಲ್ಲಿಸಿದವನು. ಮೈಕ್ರೋ, ಫೆಮ್ಟೋ ಎಂದರೆ ತಲೆಗೆ ಹತ್ತುವುದಿಲ್ಲ. ನಮ್ಮ ಲೆಕ್ಕದಲ್ಲಿ ಹೇಳಮ್ಮ.

ಸಂಡೂರು ಕೆಮ್ಮಣ್ಣು:

ಅಣ್ಣ, ಹೊಸಪೇಟೆ ಬಸ್ ನಿಲ್ದಾಣ ಎಂದುಕೊಳ್ಳಿ. ಕಬ್ಬಿಣದ ಬಸ್ಸು ಒಂದು ಸೆಕೆಂಡ್ ನಿಂತು ಹೊರಡುತ್ತದೆ ಎಂದಾದರೆ, ರುಥೇನಿಯಂ ಬಸ್ಸು ಹೆಚ್ಚುಕಡಿಮೆ 116 ದಿನ ಅಲ್ಲೇ ನಿಂತಿರುತ್ತದೆ. ಕ್ರಿಯೆಗೆ ಒಳಗಾಗಬೇಕಾದ ಅಣು ದ್ರಾವಣದಲ್ಲಿ ಈಜಿಕೊಂಡು ಬಂದು ಬಸ್ಸು ಹತ್ತಬೇಕು. ಒಂದು ಸೆಕೆಂಡ್ ನಿಂತ ಬಸ್ಸನ್ನು ಯಾರು ಹತ್ತುತ್ತಾರೆ?

ಗಂಗಾವತಿ ಭತ್ತ:

ಈಗ ತಿಳಿಯಿತು. ಒಂದು ಸೆಕೆಂಡ್ ನಿಲ್ಲುವ ಬಸ್ಸು ನಮ್ಮ ಕಡೆಯೂ ಇದೆ.

ಸಿಂಧನೂರಿನವ:

ನಾನು ತಾಮ್ರದ ಸಂಕೀರ್ಣಗಳ ಮೇಲೆ ಪಿಎಚ್.ಡಿ. ಮುಗಿಸಿ ಈಗ ಹೊರಗಿದ್ದೇನೆ. ಮನಸ್ಸು ನೋಯಿಸುವ ಉದ್ದೇಶವಿಲ್ಲ, ಆದರೂ ನೇರವಾಗಿ ಹೇಳುತ್ತೇನೆ.

ಕಬ್ಬಿಣ ಕುಸಿಯಲು ಕಾರಣವಿದೆ. ರುಥೇನಿಯಂನಲ್ಲಿ ಲಿಗ್ಯಾಂಡಿಗೆ ಜಿಗಿದ ಎಲೆಕ್ಟ್ರಾನಿಗೆ ಅಲ್ಲಿಂದ ಕೆಳಗಿಳಿಯಲು ಸುಲಭದ ದಾರಿ ಇಲ್ಲ. ಕಬ್ಬಿಣದಲ್ಲಿ ಲೋಹದ್ದೇ ಆದ ಡಿ ಕಕ್ಷಕಗಳ, ಅಂದರೆ ಎಲೆಕ್ಟ್ರಾನು ಇರುವ ತಾಣಗಳ, ನಡುವಿನ ಶಕ್ತಿಯ ಅಂತರ ಚಿಕ್ಕದು. ಹಾಗಾಗಿ ಲೋಹಕೇಂದ್ರಿತ ಸ್ಥಿತಿಗಳು ಕೆಳಗೆ ಬಾಯಿ ತೆರೆದ ಬಾವಿಯಂತೆ ಕಾದಿರುತ್ತವೆ. ಎಲೆಕ್ಟ್ರಾನು ಅಲ್ಲಿಗೆ ಬಿದ್ದರೆ ಶಕ್ತಿ ಶಾಖವಾಗಿ ಹೋಯಿತು. ಆ ಬಾವಿಯ ತಳವನ್ನು ಮೇಲಕ್ಕೆತ್ತಲು, ಇಂಗಾಲದ ಮೂಲಕ ಲೋಹವನ್ನು ಬಿಗಿಯಾಗಿ ಹಿಡಿಯುವ ಕಾರ್ಬೀನ್ ಲಿಗ್ಯಾಂಡುಗಳು ಬೇಕು. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ವಾರ್ನ್‌ಮಾರ್ಕ್ ಅವರ ಗುಂಪು 2017ರಲ್ಲಿ 100 ಪಿಕೋಸೆಕೆಂಡ್ ಬಾಳುವ, 2019ರಲ್ಲಿ 2 ನ್ಯಾನೋಸೆಕೆಂಡ್ ಬಾಳುವ ಕಬ್ಬಿಣದ ಸಂಕೀರ್ಣಗಳನ್ನು ತೋರಿಸಿತು. ನಿಮ್ಮ ನೂರು ಫೆಮ್ಟೋಸೆಕೆಂಡಿಗೆ ಹೋಲಿಸಿದರೆ ಇಪ್ಪತ್ತು ಸಾವಿರ ಪಟ್ಟು. ದೊಡ್ಡ ಸಾಧನೆ. ಆದರೆ ಅದರ ಹಿಂದೆ ಸಿದ್ಧಾಂತಿಗಳು, ಲೇಸರ್ ತಜ್ಞರು, ಸಂಶ್ಲೇಷಣೆಯವರು ಕೂಡಿ ವರ್ಷಗಟ್ಟಲೆ ದುಡಿದಿದ್ದಾರೆ. ಹನಿ ನೀರು, ಗಾಳಿ ತಾಗಬಾರದ ಕೆಲಸ. ಬಳ್ಳಾರಿಯ ಏಪ್ರಿಲ್ ಬಿಸಿಲಲ್ಲಿ ಈಥರ್ ಬಾಟಲಿಯ ಮುಚ್ಚಳ ತೆಗೆದಿದ್ದೀರಾ? ಅದು ಕುದಿಯುವುದೇ 35 ಡಿಗ್ರಿಗೆ. ಅಳೆಯುವ ಮೊದಲೇ ಅರ್ಧ ಮಾಯ.

ನನ್ನ ಸಲಹೆ ತಾಮ್ರ. ಫ್ರಾನ್ಸಿನ ರಸಾಯನ ವಿಜ್ಞಾನಿ ಸೋವಾಜ್ 1987ರಲ್ಲೇ ತಾಮ್ರ ಮತ್ತು ಫಿನಾಂತ್ರೋಲಿನ್ ಸಂಕೀರ್ಣದಿಂದ ಬೆಳಕಿನ ಕ್ರಿಯೆ ಮಾಡಿ ತೋರಿಸಿದ್ದರು. 2016ರಲ್ಲಿ ನೊಬೆಲ್ ಬಂದದ್ದು ಅವರ ಬೇರೆ ಕೆಲಸಕ್ಕೆ. ಬೆಳಕು ಬಿದ್ದಾಗ ತಾಮ್ರದ ಸಂಕೀರ್ಣ ಚಪಾತಿಯಂತೆ ಚಪ್ಪಟೆಯಾಗಲು ನೋಡುತ್ತದೆ, ಹಾಗಾದರೆ ಶಕ್ತಿ ಸೋರಿಹೋಗುತ್ತದೆ. ಲಿಗ್ಯಾಂಡಿನ ತುದಿಗೆ ದಪ್ಪ ಗುಂಪುಗಳನ್ನು ಅಂಟಿಸಿದರೆ ಚಪ್ಪಟೆಯಾಗಲು ಜಾಗವಿರುವುದಿಲ್ಲ. ಕೈಗೆಟಕುವ ಕೆಲಸ.

ಸಂಡೂರು ಕೆಮ್ಮಣ್ಣು:

ಸರ್, ಈಥರ್ ಕಥೆ ಕೇಳಬೇಡಿ. ಮಂಜುಗಡ್ಡೆ ತುಂಬಿದ ಬಕೆಟ್ಟಿನಲ್ಲಿ ಬಾಟಲಿ ಇಟ್ಟುಕೊಂಡೇ ಕೆಲಸ ಮಾಡುತ್ತೇವೆ. ದ್ರವ ಸಾರಜನಕವಂತೂ ಪಶು ಆಸ್ಪತ್ರೆಯವರ ಕೃಪೆ. ದನಗಳ ಕೃತಕ ಗರ್ಭಧಾರಣೆಗೆ ವೀರ್ಯದ ಕಡ್ಡಿಗಳನ್ನು ಅದರಲ್ಲೇ ಇಡುತ್ತಾರಲ್ಲ. ಪರಿಚಯದ ಪಶುವೈದ್ಯರೊಬ್ಬರು ತಿಂಗಳಿಗೆ ಎರಡು ಬಾರಿ ಒಂದಿಷ್ಟು ಕೊಡುತ್ತಾರೆ. ದ್ರಾವಣವನ್ನು ಹೆಪ್ಪುಗಟ್ಟಿಸಿ, ಗಾಳಿ ಎಳೆದು, ಮತ್ತೆ ಕರಗಿಸಿ, ಹೀಗೆ ಮೂರು ಸುತ್ತು ಮಾಡಿ ಆಮ್ಲಜನಕ ತೆಗೆಯುತ್ತೇನೆ. ಎರಡನೇ ಸುತ್ತಿನಲ್ಲಿ ಕರೆಂಟು ಹೋದರೆ ಪಂಪು ನಿಂತು ಎಲ್ಲ ಮೊದಲಿನಿಂದ. ಅಣುವಿನ ರಚನೆ ತಿಳಿಸುವ ಎನ್‌ಎಂಆರ್ ಪರೀಕ್ಷೆಯ ಮಾದರಿಗಳನ್ನು ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ, ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ತಲೆದಿಂಬಿನ ಪಕ್ಕ ಇಟ್ಟುಕೊಂಡು ಬೆಂಗಳೂರಿಗೆ ಒಯ್ಯುತ್ತೇನೆ. ಇಷ್ಟೆಲ್ಲ ನೋಡಿದರೆ ನಿಮ್ಮ ತಾಮ್ರವೇ ಸರಿ ಎನಿಸುತ್ತದೆ. ಆದರೂ...

ರಾಯಚೂರು ರಾತ್ರಿಪಾಳಿ:

ಔಷಧ ಕಾರ್ಖಾನೆಯಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ನಿಮ್ಮ ವಾದದಲ್ಲಿ ಒಂದು ತೂತು ಕಾಣುತ್ತಿದೆ, ಕೋಪ ಮಾಡಿಕೊಳ್ಳಬೇಡಿ. ಲೋಹ ಅಪರೂಪವೋ ಹೇರಳವೋ ಎಂಬುದಷ್ಟೇ ಹಸಿರಿನ ಅಳತೆಯಲ್ಲ. ರೋಜರ್ ಶೆಲ್ಡನ್ 1992ರಲ್ಲಿ ಒಂದು ಸರಳ ಲೆಕ್ಕ ಕೊಟ್ಟರು: ಒಂದು ಕಿಲೋ ಉತ್ಪನ್ನಕ್ಕೆ ಎಷ್ಟು ಕಿಲೋ ತ್ಯಾಜ್ಯ? ಔಷಧ ತಯಾರಿಕೆಯಲ್ಲಿ ಅದು 25ರಿಂದ ನೂರು ದಾಟುತ್ತದೆ. ಅದರಲ್ಲಿ ಸಿಂಹಪಾಲು ದ್ರಾವಕದ್ದು. ನೂರು ಅಣುವಿಗೆ ಒಂದು ಅಣು ಹಾಕುವ ನಿಮ್ಮ ಲೋಹವಲ್ಲ. ಅಂಥ ಕಾರ್ಬೀನ್ ಲಿಗ್ಯಾಂಡನ್ನು ಆರು ಹಂತದಲ್ಲಿ, ಹಂತಕ್ಕೆ ಎರಡು ಲೀಟರ್ ಡೈಕ್ಲೋರೋಮೀಥೇನ್ ಸುರಿದು ತಯಾರಿಸಿ, ಕೊನೆಗೆ ನಡುವೆ ಒಂದು ಕಬ್ಬಿಣದ ಪರಮಾಣು ಕೂರಿಸಿದರೆ ಅದು ಹಸಿರಾಯಿತೇ?

ಕಬ್ಬಿಣದ ಪರವಾಗಿಯೂ ಒಂದು ಮಾತಿದೆ, ಅದನ್ನು ನೀವೇ ಬರೆದಿಲ್ಲ. ಬಾಯಿಯ ಮೂಲಕ ಕೊಡುವ ಔಷಧದಲ್ಲಿ ರುಥೇನಿಯಂ, ಇರಿಡಿಯಂ ದಿನಕ್ಕೆ 100 ಮೈಕ್ರೋಗ್ರಾಂ ದಾಟಬಾರದೆಂದು ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ತಾಮ್ರಕ್ಕೆ 3000. ಕಬ್ಬಿಣಕ್ಕೆ ಅಂಥ ಮಿತಿಯನ್ನೇ ಇಟ್ಟಿಲ್ಲ. ಕೊನೆಯಲ್ಲಿ ಲೋಹ ತೆಗೆಯುವ ಶುದ್ಧೀಕರಣ ಎಂದರೆ ನಮ್ಮ ಪಾಳಿಯಲ್ಲಿ ಎಲ್ಲರೂ ಮುಖ ಸಿಂಡರಿಸುತ್ತಾರೆ. ಆ ತಲೆನೋವು ಕಡಿಮೆಯಾಗುತ್ತದೆ ಎಂದು ನಿಮ್ಮ ಸಮಿತಿಗೆ ಹೇಳಿ, ಕಿವಿ ನಿಮಿರುತ್ತದೆ.

ಇನ್ನೊಂದು ವಿಷಯ. ಬೆಳಕು ಎಷ್ಟು ಆಳಕ್ಕೆ ಇಳಿಯುತ್ತದೆ ಎಂದು ಲೆಕ್ಕ ಹಾಕಿದ್ದೀರಾ?

ಸಂಡೂರು ಕೆಮ್ಮಣ್ಣು:

ಹಾಕಿದ್ದೇನೆ ಅಣ್ಣ. ರುಥೇನಿಯಂ ಸಂಕೀರ್ಣದ ಒಂದು ಮಿಲಿಮೋಲಾರ್ ದ್ರಾವಣದಲ್ಲಿ ನೀಲಿ ಬೆಳಕಿನ ಹತ್ತರಲ್ಲಿ ಒಂಬತ್ತು ಪಾಲು ಮೊದಲ 0.7 ಮಿಲಿಮೀಟರಿನಲ್ಲೇ ಮುಗಿದುಹೋಗುತ್ತದೆ. ನನ್ನ ಪುಟ್ಟ ಸೀಸೆಯಲ್ಲಿ ಕಲಕುತ್ತಿದ್ದರೆ ಸಾಕು. ನಿಮ್ಮ ಸಾವಿರ ಲೀಟರಿನ ರಿಯಾಕ್ಟರಿನಲ್ಲಿ ನಡು ಭಾಗಕ್ಕೆ ಸದಾ ಅಮಾವಾಸ್ಯೆ.

ರಾಯಚೂರು ರಾತ್ರಿಪಾಳಿ:

ಅದಕ್ಕೇ ತೆಳು ಕೊಳವೆಯಲ್ಲಿ ಹರಿಸಿ, ಸುತ್ತ ದೀಪ ಸುತ್ತಬೇಕು. ಪ್ರಬಂಧದಲ್ಲಿ ಒಂದು ಅಧ್ಯಾಯ ಅದಕ್ಕೆ ಇಡಿ. ಕಾರ್ಖಾನೆಯವರು ಮೊದಲು ಓದುವುದು ಅದನ್ನೇ.

ಬಳ್ಳಾರಿ ಜೀನ್ಸ್:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮದು ಸಣ್ಣ ಜೀನ್ಸ್ ವಾಷಿಂಗ್ ಘಟಕ. ಬಟ್ಟೆಯ ಬಣ್ಣ ಮಾಸಿದಂತೆ ಕಾಣಲು ಪೊಟ್ಯಾಸಿಯಂ ಪರ್ಮಾಂಗನೇಟ್ ಹೊಡೆಯುತ್ತೇವೆ, ಬ್ಲೀಚಿಂಗ್ ಮಾಡುತ್ತೇವೆ. ಕೊನೆಗೆ ಉಳಿಯುವುದು ನೀಲಿ ನೀರು. ಬಿಸಿಲಿಗೆ ಬಣ್ಣ ಕಳೆಯುವ ಪುಡಿ ಬಂದಿದೆ ಎಂದು ಒಬ್ಬರು ಬಿಳಿ ಪುಡಿ ತಂದು ತೋರಿಸಿದರು. ಲೋಟದಲ್ಲಿ ಕೆಲಸ ಮಾಡಿತು, ತೊಟ್ಟಿಯಲ್ಲಿ ಮಾಡಲಿಲ್ಲ. ನಿಮ್ಮ ಸಂಕೀರ್ಣದಿಂದ ನಮಗೇನಾದರೂ ಆಗುತ್ತದೆಯೇ?

ಸಿಂಧನೂರಿನವ:

ಆ ಬಿಳಿ ಪುಡಿ ಟೈಟಾನಿಯಂ ಡೈಆಕ್ಸೈಡ್ ಇರಬೇಕು. ಬೆಳಕಿನಲ್ಲಿ ಅದು ನೀರನ್ನು ಒಡೆಯಬಲ್ಲದು ಎಂದು ಜಪಾನಿನ ಫುಜಿಶಿಮಾ ಮತ್ತು ಹೊಂಡಾ 1972ರಲ್ಲಿ ತೋರಿಸಿದ್ದರು. ಅದಕ್ಕೆ ಬೇಕಾದದ್ದು ನೇರಳಾತೀತ ಬೆಳಕು, ಬಿಸಿಲಿನಲ್ಲಿ ಅದರ ಪಾಲು ಬಹಳ ಕಡಿಮೆ. ತೊಟ್ಟಿಯ ಕಡು ನೀಲಿಯೊಳಗೆ ಆ ಸ್ವಲ್ಪವೂ ಇಳಿಯುವುದಿಲ್ಲ. ಇಲ್ಲಿ ನನ್ನ ಹೊಟ್ಟೆಯುರಿಯನ್ನೂ ಹೇಳಿಬಿಡುತ್ತೇನೆ. ಲೋಟದಲ್ಲಿ ಮಿಥಿಲೀನ್ ಬ್ಲೂ ಬಣ್ಣ ಕಳೆದು, ನೀರಿನ ಶುದ್ಧೀಕರಣ ಆಯಿತು ಎಂದು ಬರೆಯುವ ಪ್ರಬಂಧಗಳಿಗೆ ಲೆಕ್ಕವೇ ಇಲ್ಲ. ಬಣ್ಣ ತಾನೇ ಬೆಳಕು ಹೀರುವ ವಸ್ತು. ಕೆಲಸ ಮಾಡಿದ್ದು ಪುಡಿಯೋ ಬಣ್ಣವೋ ಯಾರಿಗೆ ಗೊತ್ತು? ಬಣ್ಣ ಹೋದ ಮಾತ್ರಕ್ಕೆ ಅಣು ಚೂರಾಗಿ ನಿರುಪದ್ರವಿಯಾಯಿತು ಎಂದೂ ಅಲ್ಲ.

ನಿವೃತ್ತ ಮೇಷ್ಟ್ರು, ಕೊಪ್ಪಳ:

ಮೂವತ್ತು ವರ್ಷ ಪದವಿ ಮಕ್ಕಳಿಗೆ ರಸಾಯನಶಾಸ್ತ್ರ ಕಲಿಸಿದವನು ನಾನು. ಎಲ್ಲವನ್ನೂ ಓದಿದೆ. ನೀವೆಲ್ಲ ಬಸ್ಸು ಎಷ್ಟು ಹೊತ್ತು ನಿಲ್ಲುತ್ತದೆ ಎಂದೇ ಜಗಳವಾಡುತ್ತಿದ್ದೀರಿ. ಒಂದು ಹಳೆಯ ಸಂಗತಿ ಹೇಳುತ್ತೇನೆ.

ನಮ್ಮ ಪ್ರಯೋಗಾಲಯದಲ್ಲಿ ಪ್ರತಿ ವರ್ಷ ಪೊಟ್ಯಾಸಿಯಂ ಫೆರಿಆಕ್ಸಲೇಟ್ ಎಂಬ ಕಬ್ಬಿಣದ ಸಂಕೀರ್ಣ ಮಾಡಿಸುತ್ತಿದ್ದೆವು. ಮೋರ್ ಲವಣ ಎಂಬ ಕಬ್ಬಿಣದ ಲವಣಕ್ಕೆ ಆಕ್ಸಾಲಿಕ್ ಆಮ್ಲ ಹಾಕಿದರೆ ಹಳದಿ ಗಸಿ ಇಳಿಯುತ್ತದೆ. ಅದಕ್ಕೆ ಪೊಟ್ಯಾಸಿಯಂ ಆಕ್ಸಲೇಟ್ ಸೇರಿಸಿ, ಹೈಡ್ರೋಜನ್ ಪೆರಾಕ್ಸೈಡನ್ನು ಹನಿ ಹನಿಯಾಗಿ ಬಿಟ್ಟು, ಕೊನೆಗೆ ಆಲ್ಕೋಹಾಲ್ ಹಾಕಿ ಕತ್ತಲಲ್ಲಿಟ್ಟರೆ ಮರುದಿನ ಪಚ್ಚೆಯಂಥ ಹರಳು. ಒಮ್ಮೆ ಒಬ್ಬ ಹುಡುಗ ಹರಳಿನ ತಟ್ಟೆಯನ್ನು ಕಿಟಕಿಯಲ್ಲಿ ಬಿಟ್ಟು ಹೋಗಿದ್ದ. ಸಂಜೆ ನೋಡಿದರೆ ಬಿಸಿಲು ತಾಗಿದ ಬದಿಯೆಲ್ಲ ಹಳದಿ ಬೂಷ್ಟು ಹಿಡಿದಂತೆ ಮಂಕಾಗಿತ್ತು, ಕಿಟಕಿಯ ಸರಳಿನ ನೆರಳು ಬಿದ್ದ ಕಡೆ ಮಾತ್ರ ಹಸಿರು ಗೆರೆ. ಅವನಿಗೆ ಬೈದೆ. ಬೈದಾದ ಮೇಲೆ ಆ ತಟ್ಟೆಯನ್ನು ಇಡೀ ತರಗತಿಗೆ ತೋರಿಸಿದೆ. ಬೆಳಕು ಬಿದ್ದಲ್ಲಿ ಆಕ್ಸಲೇಟಿನ ಎಲೆಕ್ಟ್ರಾನು ಕಬ್ಬಿಣಕ್ಕೆ ಹಾರುತ್ತದೆ, ಆಕ್ಸಲೇಟು ಒಡೆದು ಇಂಗಾಲದ ಡೈಆಕ್ಸೈಡ್ ಆಗಿ ಹೋಗುತ್ತದೆ. ಹ್ಯಾಚರ್ಡ್ ಮತ್ತು ಪಾರ್ಕರ್ 1956ರಲ್ಲಿ ಇದನ್ನೇ ಫೋಟಾನುಗಳನ್ನು ಎಣಿಸುವ ಅಳತೆಗೋಲಾಗಿ ಮಾಡಿದರು. ಜಾನ್ ಹರ್ಷೆಲ್ 1842ರಲ್ಲಿ ಕಂಡುಹಿಡಿದ ನೀಲಿ ನಕ್ಷೆಯ ಮುದ್ರಣದಲ್ಲೂ ಬೆಳಕನ್ನು ಹಿಡಿಯುವುದು ಕಬ್ಬಿಣವೇ.

ನನ್ನ ಪ್ರಶ್ನೆ ಇಷ್ಟೇ ತಂಗಿ. ಕಬ್ಬಿಣದ ಉತ್ತೇಜಿತ ಸ್ಥಿತಿ ಬಾಳುವುದಿಲ್ಲ ಎಂದು ನೀವು ಅಳುತ್ತಿದ್ದೀರಿ. ಹಾಗಾದರೆ ನನ್ನ ಕಿಟಕಿಯಲ್ಲಿ ಆ ಕೆಲಸ ಮಾಡಿದ್ದು ಯಾವುದು?

ಸಂಡೂರು ಕೆಮ್ಮಣ್ಣು:

ಗುರುಗಳೇ, ಇದನ್ನು ಓದಿ ಹತ್ತು ನಿಮಿಷ ಸುಮ್ಮನೆ ಕುಳಿತಿದ್ದೆ. ಫೆರಿಆಕ್ಸಲೇಟಿನಲ್ಲಿ ಯಾರೂ ಹೊರಗಿನಿಂದ ಬಂದು ಬಸ್ಸು ಹತ್ತಬೇಕಾಗಿಲ್ಲ. ಪ್ರಯಾಣಿಕ ಮೊದಲೇ ಬಸ್ಸಿನಲ್ಲಿ ಕುಳಿತಿದ್ದಾನೆ! ಎಲೆಕ್ಟ್ರಾನು ಲಿಗ್ಯಾಂಡಿನಿಂದ ಲೋಹಕ್ಕೆ ಹೋಗುವಾಗಲೇ ಬಂಧ ಮುರಿಯುತ್ತದೆ. ಅಲ್ಲಿ ಆಯಸ್ಸು ಬೇಕಿಲ್ಲ. ಎಂಎಸ್ಸಿಯಲ್ಲಿ ನಾನೇ ಈ ಹರಳು ಮಾಡಿ ಅಂಕ ತೆಗೆದುಕೊಂಡು ಮರೆತಿದ್ದೆ.

ಸಿಂಧನೂರಿನವ:

ಮೇಷ್ಟ್ರಿಗೆ ನಮಸ್ಕಾರ. ತಾಮ್ರದ ವಕಾಲತ್ತು ಇಲ್ಲಿಗೆ ಹಿಂದಕ್ಕೆ ಪಡೆಯುತ್ತೇನೆ.

ಈ ದಾರಿಯಲ್ಲಿ ಈಚಿನ ವರ್ಷಗಳಲ್ಲಿ ಸಾಕಷ್ಟು ಕೆಲಸ ನಡೆದಿದೆ ತಂಗಿ, ಹುಡುಕಿ ಓದಿ. ಫೆರಿಕ್ ಕ್ಲೋರೈಡಿಗೆ 390 ನ್ಯಾನೋಮೀಟರಿನ ಆಸುಪಾಸಿನ ಬೆಳಕು ಬಿಟ್ಟರೆ ಕ್ಲೋರಿನ್ ರ‍್ಯಾಡಿಕಲ್ ಹೊರಬರುತ್ತದೆ (ಅಂದರೆ ಜೋಡಿಯಿಲ್ಲದ ಎಲೆಕ್ಟ್ರಾನಿರುವ, ಬಲು ಚುರುಕಾದ ಪರಮಾಣು), ಅದು ಹೈಡ್ರೋಕಾರ್ಬನ್ನಿನಿಂದ ಹೈಡ್ರೋಜನ್ನನ್ನು ಕಿತ್ತುಕೊಳ್ಳುತ್ತದೆ. ಕ್ಲೋರೈಡಿನ ಬದಲು ಕಾರ್ಬಾಕ್ಸಿಲಿಕ್ ಆಮ್ಲ ಕಟ್ಟಿಕೊಂಡಿದ್ದರೆ ಇಂಗಾಲದ ಡೈಆಕ್ಸೈಡ್ ಬಿಟ್ಟು ಇಂಗಾಲದ ರ‍್ಯಾಡಿಕಲ್ ಸಿಗುತ್ತದೆ. ಆರು ಹಂತದ ಲಿಗ್ಯಾಂಡ್ ಬೇಡ, ರಾತ್ರಿಪಾಳಿಯವರ ಡೈಕ್ಲೋರೋಮೀಥೇನೂ ಬೇಡ. ಕಷ್ಟಗಳು ಬೇರೆ ಇವೆ. ಕ್ಲೋರಿನ್ ರ‍್ಯಾಡಿಕಲ್ ಹಸಿದ ಹೋರಿಯಂತೆ, ಎದುರಿಗೆ ಸಿಕ್ಕ ಹೈಡ್ರೋಜನ್ನಿಗೆಲ್ಲ ಬಾಯಿ ಹಾಕುತ್ತದೆ. ಹಾಗಾಗಿ ದ್ರಾವಕ ನೋಡಿ ಆರಿಸಬೇಕು. ಒಮ್ಮೆ ಕೆಲಸ ಮಾಡಿ, ಒಂದು ಎಲೆಕ್ಟ್ರಾನು ಪಡೆದು ಫೆರಸ್ ಆದ ಕಬ್ಬಿಣವನ್ನು ಮತ್ತೆ ಫೆರಿಕ್ ಮಾಡುವ ಉಪಾಯವೂ ಬೇಕು, ಇಲ್ಲದಿದ್ದರೆ ಅದು ವೇಗವರ್ಧಕವಲ್ಲ, ಬರೀ ಖರ್ಚು. ನಿಮ್ಮ ಮೂರು ವರ್ಷಕ್ಕೆ ಆ ಒಂದು ಪ್ರಶ್ನೆಯೇ ಸಾಕು.

ಜೀನ್ಸ್ ಸಹೋದರರೇ, ನಿಮಗೂ ಉತ್ತರ ಇಲ್ಲೇ ಇದೆ. ಫೆಂಟನ್ ಎಂಬವರು 1894ರಲ್ಲಿ ವರದಿ ಮಾಡಿದ್ದ ಕಬ್ಬಿಣ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಜೋಡಿಗೆ ಬೆಳಕು ಸೇರಿದರೆ ಬಣ್ಣದ ಅಣುಗಳನ್ನು ಒಡೆಯುವ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಇನ್ನಷ್ಟು ಹುಟ್ಟುತ್ತದೆ. ಆಕ್ಸಲೇಟ್ ಸೇರಿಸಿದರೆ ಬಿಸಿಲಿನ ನೀಲಿ ಭಾಗವೂ ಕೆಲಸಕ್ಕೆ ಬರುತ್ತದೆ. ಆದರೆ ಸಾಮಾನ್ಯ ಫೆಂಟನ್ ವಿಧಾನಕ್ಕೆ ನೀರಿನ ಪಿಎಚ್ ಮೂರರ ಹತ್ತಿರ ಇರಬೇಕು.

ಬಳ್ಳಾರಿ ಜೀನ್ಸ್:

ನಮ್ಮ ನೀರು ಪೂರ್ತಿ ಕ್ಷಾರ. ಮೂರಕ್ಕೆ ತರಬೇಕೆಂದರೆ ಎಷ್ಟು ಆಸಿಡ್ ಸುರಿಯಬೇಕು? ಹೊರಗೆ ಬಿಡುವ ಮೊದಲು ಮತ್ತೆ ಸುಣ್ಣ ಹಾಕಬೇಕಲ್ಲವೇ?

ಸಿಂಧನೂರಿನವ:

ಹೌದು, ಆಗ ಕಬ್ಬಿಣವೆಲ್ಲ ಕಂದು ಕೆಸರಾಗಿ ತಳಕ್ಕಿಳಿಯುತ್ತದೆ. ಆ ಕೆಸರನ್ನು ಒಯ್ದು ಹಾಕುವ ಖರ್ಚೂ ನಿಮ್ಮದೇ. ಲೋಟ ತೋರಿಸಿ ಮಾರಲು ಬರುವವರನ್ನು ಮೊದಲು ಇದನ್ನೇ ಕೇಳಿ.

ಗಂಗಾವತಿ ಭತ್ತ:

ತಂಗಿ, ಹಾಗಾದರೆ ಸಂಡೂರಿನ ಅದಿರಿಗೆ ಒಳ್ಳೆಯ ಬೆಲೆ ಬರುತ್ತದೆ ಎನ್ನು.

ಸಂಡೂರು ಕೆಮ್ಮಣ್ಣು:

ಇಲ್ಲ ಅಣ್ಣ, ನಮ್ಮ ತಂದೆಯೂ ಇದನ್ನೇ ಕೇಳಿದರು. ನನಗೆ ಒಂದು ಬಾರಿಗೆ ಬೇಕಾಗುವುದು ಉಗುರಿನ ತುದಿಯಷ್ಟು ಫೆರಿಕ್ ಕ್ಲೋರೈಡ್. ಅರ್ಧ ಕಿಲೋ ಬಾಟಲಿ ತಂದರೆ ನನ್ನ ಪಿಎಚ್.ಡಿ. ಮುಗಿದ ಮೇಲೂ ಉಳಿದಿರುತ್ತದೆ. ತೋರಣಗಲ್ಲಿನ ಕುಲುಮೆಗಳಿಗೆ ನನ್ನಿಂದ ಪೈಪೋಟಿ ಇಲ್ಲ.

ಸಂಡೂರು ಕೆಮ್ಮಣ್ಣು (ಮೂರು ವಾರದ ನಂತರ):

ಸಮಿತಿಯ ಸಭೆ ಆಯಿತು. ಕಬ್ಬಿಣಕ್ಕೆ ಒಪ್ಪಿಗೆ ಸಿಕ್ಕಿದೆ. ಕೊಳವೆಯಲ್ಲಿ ಹರಿಸುವ ಅಧ್ಯಾಯ ಸೇರಿಸಿದ್ದಕ್ಕೆ ಒಬ್ಬ ಸದಸ್ಯರು ತಲೆಯಾಡಿಸಿದರು, ರಾತ್ರಿಪಾಳಿ ಅಣ್ಣನಿಗೆ ವಂದನೆ. ಮಾರ್ಗದರ್ಶಕರು, ಒಂದು ವರ್ಷದಲ್ಲಿ ಫಲಿತಾಂಶ ಬರದಿದ್ದರೆ ರುಥೇನಿಯಂ ಬಾಟಲಿ ಕಪಾಟಿನಲ್ಲೇ ಇದೆ ಎಂದು ನೆನಪಿಸಿದ್ದಾರೆ.

ದೀಪದ ಕಥೆ ಕೇಳಿ. ಇದುವರೆಗೆ ಮದುವೆ ಮಂಟಪಕ್ಕೆ ಕಟ್ಟುವ ನೀಲಿ ಎಲ್‌ಇಡಿ ಪಟ್ಟಿಯನ್ನು ಸ್ಟೀಲ್ ಡಬ್ಬಿಯ ಒಳಗೋಡೆಗೆ ಸುತ್ತಿ, ಮೇಲೊಂದು ಸಣ್ಣ ಫ್ಯಾನ್ ಇಟ್ಟು ಕೆಲಸ ನಡೆಸುತ್ತಿದ್ದೆ. ಅದು 450ರ ಸುಮಾರಿನ ಬೆಳಕು, ಈ ಕೆಲಸಕ್ಕೆ ಸಾಲದು. 390ರ ದೀಪ ತರಿಸಲು ಕೊಟೇಶನ್, ಅನುಮೋದನೆ ಎಂದು ಎರಡು ತಿಂಗಳಾದರೂ ಬೇಕು. ಬ್ಯೂಟಿ ಪಾರ್ಲರ್ ನಡೆಸುವ ನಮ್ಮ ಚಿಕ್ಕಮ್ಮನ ಮಗಳು ಉಗುರಿನ ಜೆಲ್ ಒಣಗಿಸುವ ದೀಪ ಕೊಟ್ಟಳು. ಅದರಲ್ಲಿ 365 ಮತ್ತು 405ರ ಎಲ್‌ಇಡಿಗಳಿವೆ! ನಾಲ್ಕು ಬೆರಳು ಇಡುವ ಜಾಗದಲ್ಲಿ ಮೂರು ಸೀಸೆ ಸರಿಯಾಗಿ ಕೂರುತ್ತವೆ.

ಮೆಥಾಕ್ಸಿ ಫೀನೈಲ್ ಅಸಿಟಿಕ್ ಆಮ್ಲ, ಫೆರಿಕ್ ಲವಣ, ಅಸಿಟೋನೈಟ್ರೈಲ್, ಮೇಲೆ ಗಾಳಿ. ಮೊದಲನೇ ಸೀಸೆಗೆ ಎಲ್ಲವೂ. ಎರಡನೆಯದಕ್ಕೂ ಎಲ್ಲವೂ, ಆದರೆ ಅಲ್ಯೂಮಿನಿಯಂ ಹಾಳೆ ಸುತ್ತಿ ಕತ್ತಲು. ಮೂರನೆಯದರಲ್ಲಿ ಕಬ್ಬಿಣವಿಲ್ಲ, ಬೆಳಕು ಮಾತ್ರ. ಹದಿನಾರು ಗಂಟೆಯ ನಂತರ ಮೊದಲನೆಯದರ ಮುಚ್ಚಳ ತೆಗೆದರೆ ಹೋಟೆಲಿನಲ್ಲಿ ಊಟವಾದ ಮೇಲೆ ಕೊಡುವ ಸೋಂಪಿನಂಥ ಸಿಹಿ ವಾಸನೆ. ನನಗೆ ಬೇಕಾಗಿದ್ದ ಉತ್ಪನ್ನ, ಆನಿಸಾಲ್ಡಿಹೈಡ್! ಮಿಶ್ರಣದಲ್ಲಿರುವ ವಸ್ತುಗಳನ್ನು ಬೇರ್ಪಡಿಸಿ ಚುಕ್ಕೆಗಳಾಗಿ ತೋರಿಸುವ ತೆಳುಪದರ ತಟ್ಟೆಯಲ್ಲೂ ಆನಿಸಾಲ್ಡಿಹೈಡಿನದೇ ಎತ್ತರದಲ್ಲಿ ದಪ್ಪ ಚುಕ್ಕೆ. ಕತ್ತಲ ಸೀಸೆಯಲ್ಲಿ ಏನೂ ಇಲ್ಲ. ಆದರೆ ಕಬ್ಬಿಣವಿಲ್ಲದ ಮೂರನೆಯದರಲ್ಲೂ ಮಸುಕಾದ ಒಂದು ಚುಕ್ಕೆ ಕಾಣುತ್ತಿದೆ. ಎರಡು ಬಾರಿ ಮಾಡಿದೆ, ಎರಡು ಬಾರಿಯೂ ಬಂತು. ಏನಿರಬಹುದು?

ನಿವೃತ್ತ ಮೇಷ್ಟ್ರು, ಕೊಪ್ಪಳ:

ಮೊದಲು ಸೀಸೆಯನ್ನು ಮೂಸುವುದನ್ನು ನಿಲ್ಲಿಸಿ. ಆ ದೀಪದ ಕಡೆ ಬರಿಗಣ್ಣಿನಿಂದ ನೋಡುವುದನ್ನೂ. ಆಮೇಲೆ ಉಳಿದ ಮಾತು.

ಸಿಂಧನೂರಿನವ:

365ರ ಬೆಳಕು ಮತ್ತು ಗಾಳಿ ಸೇರಿ ಸ್ವಲ್ಪ ಕೆಲಸ ಮಾಡುತ್ತಿರಬಹುದು. ಅದಕ್ಕೂ ಮೊದಲು ಕಲಕುವ ಅಯಸ್ಕಾಂತದ ಗುಳಿಗೆಯನ್ನು ನೋಡಿ. ಬಿಳಿ ಹೊದಿಕೆಯಲ್ಲಿ ಸಣ್ಣ ಗೀರುಗಳಿದ್ದರೆ ಹಿಂದಿನ ಪ್ರಯೋಗದ ಲೋಹ ಅಲ್ಲೇ ಅಡಗಿ ಕುಳಿತಿರುತ್ತದೆ. ಅಲ್ಲದೆ ತೆರೆದ ಕಿಟಕಿ, ಬಳ್ಳಾರಿಯ ಧೂಳು. ಸಂಡೂರಿನವಳು ಕಬ್ಬಿಣವಿಲ್ಲದ ಪ್ರಯೋಗ ಮಾಡುತ್ತೇನೆ ಎಂದರೆ ನಂಬುವುದು ಹೇಗೆ?

ಸಂಡೂರು ಕೆಮ್ಮಣ್ಣು:

ಗುಳಿಗೆಯ ಮೇಲೆ ಗೀರುಗಳಿವೆ ಸರ್, ಒಂದು ಕಡೆ ತುಸು ಕಂದು ಬಣ್ಣವೂ ಇದೆ. ಎಲ್ಲ ಗುಳಿಗೆಗಳನ್ನೂ ಸೀಸೆಗಳನ್ನೂ ಇಂದು ರಾತ್ರಿ ನೈಟ್ರಿಕ್ ಆಮ್ಲದಲ್ಲಿ ನೆನೆಹಾಕಿದ್ದೇನೆ. ಮೂರನೆಯದಕ್ಕೆ ಹೊಸ ಗುಳಿಗೆ. ಸೋಮವಾರ ಬರೆಯುತ್ತೇನೆ.